ಗಾಲಿ ತೋರಿದ ದಾರಿಯಲ್ಲೇ ಕಾರು ಹೋಗುವುದೆ?

ಎತ್ತಿನಗಾಡಿಗೆ ಚುಕ್ಕಾಣಿ ಬೇಕಿಲ್ಲ. ಎತ್ತುಗಳು ಮೂಕಿಯನ್ನು ಪಕ್ಕಕ್ಕೆ ಎಳೆದರೆ ಎರಡು ಗಾಲಿಯ ಗಾಡಿ ಹಿಂದೆಯೇ ತಿರುಗುತ್ತದೆ. ನಾಲ್ಕು ಗಾಲಿಯ ಕುದುರೆ ಸಾರೋಟಿನಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಮುಂದಿನ ಅಚ್ಚು ನಡುವಿನ ಒಂದು ಗೂಟದ ಮೇಲೆ ಇಡಿಯಾಗಿ ತಿರುಗುತ್ತದೆ. ಕುದುರೆಗಳು ಮೂಕಿಯನ್ನು ಹಿಡಿದಿರುವವರೆಗೆ ಇದರಲ್ಲಿ ತೊಂದರೆ ಕಾಣದು. ಕುದುರೆಯನ್ನು ಬಿಚ್ಚಿ ಅದರ ಜಾಗದಲ್ಲಿ ಎಂಜಿನ್ನು ಕೂರಿಸಿದಾಗ ತೊಂದರೆ ಶುರುವಾಗುತ್ತದೆ. ಒಂದು ಗಾಲಿ ಕಲ್ಲಿಗೆ ತಗುಲಿತೆನ್ನಿ. ಗೂಟದಿಂದ ಆ ಗಾಲಿಗೆ 70 ಸೆಂ.ಮೀ. ದೂರವಿದ್ದು, ಕಲ್ಲು 200 ನ್ಯೂಟನ್ ಬಲದಿಂದ ಗಾಲಿಯನ್ನು ಹಿಂದಕ್ಕೆ ತಳ್ಳಿದರೆ, ಅಚ್ಚನ್ನು ತಿರುಗಿಸುವ ಭ್ರಾಮಕ 140 ನ್ಯೂಟನ್-ಮೀಟರ್. ಅದನ್ನು ತಡೆಯಬೇಕಾದದ್ದು ಚಾಲಕನ ತೋಳು.

ಕಾರ್ಲ್ ಬೆಂಜ್ 1886ರ ಜನವರಿ 29ರಂದು ಪೇಟೆಂಟಿಗೆ ಸಲ್ಲಿಸಿದ ಮೋಟಾರು ಗಾಡಿಗೆ ಮೂರೇ ಗಾಲಿ ಇದ್ದುದಕ್ಕೆ ಈ ಸಮಸ್ಯೆಯೇ ಕಾರಣ. ನಾಲ್ಕು ಗಾಲಿಯ ಗಾಡಿಯನ್ನು ತಿರುಗಿಸುವ, ತನಗೆ ಒಪ್ಪಿಗೆಯಾಗುವ ಉಪಾಯ ಅವನಿಗೆ ಆಗ ಸಿಕ್ಕಿರಲಿಲ್ಲ. ಅದಕ್ಕೆ ಅವನು ಪೇಟೆಂಟ್ ಪಡೆದದ್ದು 1893ರಲ್ಲಿ.

ಸ್ವಾರಸ್ಯವೆಂದರೆ ಉಪಾಯ ಆ ವೇಳೆಗೆ ಹಳೆಯದಾಗಿತ್ತು. ಮ್ಯೂನಿಕ್ ನಗರದ ಸಾರೋಟು ತಯಾರಕ ಲಾಂಕೆನ್‌ಸ್ಪೆರ್ಗರ್ ಅದನ್ನು ರೂಪಿಸಿದ್ದ. 1818ರಲ್ಲಿ ರುಡಾಲ್ಫ್ ಆಕರ್‌ಮನ್ ಎಂಬವನು ಅವನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದ. ಹೆಸರು ಮಾತ್ರ ಆಕರ್‌ಮನ್‌ನದೇ ಉಳಿಯಿತು! ಫ್ರಾನ್ಸಿನ ಅಮೆದೆ ಬೊಲ್ಲೆ 1873ರಲ್ಲಿ ಕಟ್ಟಿದ ಉಗಿಬಂಡಿಯಲ್ಲೂ ಇದೇ ತತ್ತ್ವವಿತ್ತು. ಹೇಳಿದ ಕಡೆ ತಿರುಗುತ್ತದೆಂದು ಅವನು ಬಂಡಿಗೆ 'ವಿಧೇಯೆ' ಎಂಬರ್ಥದ ಹೆಸರನ್ನೇ ಇಟ್ಟಿದ್ದ.

ಉಪಾಯ ಇಷ್ಟೆ. ಅಚ್ಚು ಅಲುಗದು, ಅದರ ಎರಡು ತುದಿಗಳಲ್ಲಿ, ಗಾಲಿಯ ಪಕ್ಕದಲ್ಲೇ ಒಂದೊಂದು ಗೂಟ. ಅದನ್ನು ಕಿಂಗ್‌ಪಿನ್ ಎನ್ನುತ್ತಾರೆ. ಗಾಲಿಗಳು ತಂತಮ್ಮ ಗೂಟಗಳ ಮೇಲೆ ತಿರುಗುತ್ತವೆ. ಕಲ್ಲಿನ ಏಟಿಗೆ ಈಗ ಸಿಗುವ ತೋಳಿನ ಉದ್ದ 70 ಸೆಂ.ಮೀ. ಬದಲು ಕೆಲವೇ ಸೆಂ.ಮೀ. ಆದರೆ ಹೊಸ ಪ್ರಶ್ನೆಯೊಂದು ಏಳುತ್ತದೆ. ಎರಡೂ ಗಾಲಿಗಳು ಸಮನಾಗಿ ತಿರುಗಬೇಕೆ? ತಿರುವಿನಲ್ಲಿ ಒಳಗಿನ ಗಾಲಿ ಚಿಕ್ಕ ವೃತ್ತದಲ್ಲೂ ಹೊರಗಿನದು ದೊಡ್ಡ ವೃತ್ತದಲ್ಲೂ ಉರುಳಬೇಕು. ನಾಲ್ಕೂ ಗಾಲಿಗಳು ಉಜ್ಜದೆ ಉರುಳಬೇಕಾದರೆ ಎಲ್ಲ ವೃತ್ತಗಳಿಗೂ ಕೇಂದ್ರ ಒಂದೇ ಆಗಿರಬೇಕು, ಆ ಕೇಂದ್ರ ಹಿಂದಿನ ಅಚ್ಚನ್ನು ಎಳೆದಾಗ ಬರುವ ರೇಖೆಯ ಮೇಲಿರಬೇಕು.

ಲೆಕ್ಕ ಹಾಕಲು ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರನ್ನು ತೆಗೆದುಕೊಳ್ಳೋಣ. ಇದು 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ತಯಾರಾದ ಕಾರು. ಹಳೆಯ ಕಾರುಗಳಲ್ಲಿ ಅಳತೆಗಳು ಚೆನ್ನಾಗಿ ತಿಳಿದಿರುವುದೂ ಇದರದೇ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 100 ಅಂಗುಲ, ಅಂದರೆ 2.54 ಮೀ. ಎಡಬಲ ಗಾಲಿಗಳ ನಡುವಿನ ಅಂತರ 56 ಅಂಗುಲ, ಅಂದರೆ 1.42 ಮೀ. ಕಿಂಗ್‌ಪಿನ್‌ಗಳ ಅಂತರ ಇದಕ್ಕಿಂತ ತುಸು ಕಡಿಮೆ, ಆದರೆ ಸರಳತೆಗಾಗಿ ಅಷ್ಟೇ ಎಂದುಕೊಳ್ಳೋಣ. ಹಿಂದಿನ ಅಚ್ಚಿನ ನಡುಬಿಂದು 6 ಮೀ. ತ್ರಿಜ್ಯದ ವೃತ್ತದಲ್ಲಿ ಚಲಿಸುತ್ತಿದ್ದರೆ, ಒಳಗಿನ ಮುಂಗಾಲಿಯ ಕೋನದ ಸ್ಪರ್ಶಕ 2.54 ÷ (6 − 0.71), ಹೊರಗಿನದರದು 2.54 ÷ (6 + 0.71). ಕೋನಗಳು ಕ್ರಮವಾಗಿ 25.7 ಮತ್ತು 20.7 ಡಿಗ್ರಿ. ವ್ಯತ್ಯಾಸ 5 ಡಿಗ್ರಿ. ಇದು ಸಣ್ಣದಲ್ಲ.

ಗಾಲಿಗಳಿಗೆ ಈ ವ್ಯತ್ಯಾಸವನ್ನು 'ಕಲಿಸುವ' ವಿಧಾನವನ್ನು 1878ರ ಸುಮಾರಿಗೆ ಫ್ರಾನ್ಸಿನ ಜಾಂತೋ ಎಂಬಾತ ರೇಖಾಚಿತ್ರದಲ್ಲಿ ತೋರಿಸಿದ. ಎರಡು ಗಾಲಿಗಳನ್ನು ಜೋಡಿಸುವ ಅಡ್ಡದಂಡ ಅಚ್ಚಿನ ಹಿಂದೆ ಇರುತ್ತದೆ. ದಂಡವನ್ನು ಹಿಡಿದ ತೋಳುಗಳು ಒಳಮುಖವಾಗಿ ಓರೆಯಾಗಿದ್ದು, ಅವುಗಳನ್ನು ಕಲ್ಪನೆಯಲ್ಲಿ ಹಿಂದಕ್ಕೆ ಎಳೆದರೆ ಹಿಂದಿನ ಅಚ್ಚಿನ ನಡುವೆ ಕೂಡುತ್ತವೆ. ಹೀಗೆ ರಚನೆಯಾದ ಸಮಲಂಬ ಚತುರ್ಭುಜ ಪೂರ್ತಿ ನಿಖರವಲ್ಲದಿದ್ದರೂ ಬಳಕೆಗೆ ಸಾಕು.

ಸುಣ್ಣದ ಗೆರೆಯ ಪರೀಕ್ಷೆ

ಹಳೆಯ ಕಾರೊಂದರಲ್ಲಿ ಇದು ಸರಿಯಾಗಿದೆಯೆ ಎಂದು ನೋಡಲು ಯಾವ ಉಪಕರಣವೂ ಬೇಕಿಲ್ಲ. ಸಿಮೆಂಟು ನೆಲದ ಮೇಲೆ ಕಾರನ್ನು ನಿಲ್ಲಿಸಿ, ಚುಕ್ಕಾಣಿಯನ್ನು ಒಂದು ಕಡೆ ತಿರುಗಿಸಿ, ಪ್ರತಿ ಮುಂಗಾಲಿಯ ಪಕ್ಕದಲ್ಲಿ ಉದ್ದನೆಯ ನೇರ ಪಟ್ಟಿಯಿಟ್ಟು ಗೆರೆ ಎಳೆಯಬೇಕು. ಆ ಗೆರೆಗಳಿಗೆ ಗಾಲಿಯ ನಡುವಿನಿಂದ ಲಂಬಗಳನ್ನೂ, ಹಿಂದಿನ ಅಚ್ಚಿನ ನೇರಕ್ಕೆ ಇನ್ನೊಂದು ಗೆರೆಯನ್ನೂ ಹಗ್ಗ ಹಿಡಿದು ಎಳೆದರೆ ಮೂರೂ ಹೆಚ್ಚುಕಡಿಮೆ ಒಂದೇ ಕಡೆ ಕೂಡಬೇಕು. ತೀರ ದೂರ ದೂರ ಕೂಡಿದರೆ ತೋಳು ಬಾಗಿರಬಹುದು.

ಎರಡನೆಯ ಪರೀಕ್ಷೆ ಕೈಬಿಟ್ಟು ನೋಡುವುದು. ಕಾರು ನಿಧಾನವಾಗಿ ಹೋಗುತ್ತಿರುವಾಗ, ಖಾಲಿ ಬಯಲಿನಲ್ಲಿ ಮಾತ್ರ, ಚುಕ್ಕಾಣಿಯನ್ನು ತುಸು ತಿರುಗಿಸಿ ಕೈ ಸಡಿಲಿಸಿದರೆ ಗಾಲಿಗಳು ತಾವಾಗಿ ನೇರವಾಗಬೇಕು. ಕಿಂಗ್‌ಪಿನ್‌ನ ಮೇಲ್ತುದಿ ಸುಮಾರು 5 ಡಿಗ್ರಿ ಹಿಂದಕ್ಕೆ ವಾಲಿರುವುದರಿಂದ ಅದರ ರೇಖೆ ನೆಲ ಮುಟ್ಟುವ ಬಿಂದು ಗಾಲಿ ನೆಲ ಮುಟ್ಟುವ ಬಿಂದುವಿಗಿಂತ ಮುಂದಿರುತ್ತದೆ. 30 ಅಂಗುಲ ವ್ಯಾಸದ ಗಾಲಿಗೆ ಈ ಅಂತರ ಸುಮಾರು 33 ಮಿ.ಮೀ. ಹಾಗಾಗಿ ಗಾಲಿ ಗೂಟದ ಹಿಂದೆ ಬಾಲದಂತೆ ಎಳೆಯಲ್ಪಡುತ್ತದೆ. ಸೈಕಲ್ಲಿನ ಮುಂದಿನ ಗಾಲಿಯಲ್ಲೂ ಇಂಥದೇ ಅಂತರ ಇದೆ. ಹಿಂದಕ್ಕೆ ಓಡಿಸುವಾಗ ಇದೇ ಅಂತರ ವಿರುದ್ಧ ಕೆಲಸ ಮಾಡುತ್ತದೆ. ಆಗ ಚುಕ್ಕಾಣಿಯನ್ನು ಬಿಗಿಯಾಗಿ ಹಿಡಿದಿರಬೇಕು.

ಈ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಕಾರು ಚೆನ್ನಾಗಿ ತಿರುಗುತ್ತದೆ ಎಂದೇ ಸುಮಾರು ನಲವತ್ತು ವರ್ಷ ಎಂಜಿನಿಯರುಗಳು ನಂಬಿದ್ದರು. ಈ ನಂಬಿಕೆಯಲ್ಲಿದ್ದ ಬಿರುಕು ಕಾಣಬೇಕಾದರೆ ಮೇಲಿನ ಲೆಕ್ಕವನ್ನೇ 30 ಮೀ. ತ್ರಿಜ್ಯಕ್ಕೆ ಮಾಡಿನೋಡಿ. ಒಳಗಿನ ಗಾಲಿಗೆ 4.96 ಡಿಗ್ರಿ, ಹೊರಗಿನದಕ್ಕೆ 4.73. ವ್ಯತ್ಯಾಸ ಕಾಲು ಡಿಗ್ರಿಯೂ ಇಲ್ಲ! ಅಂದರೆ ಆಕರ್‌ಮನ್ ಉಪಾಯದ ಪ್ರಯೋಜನವೆಲ್ಲ ಗಲ್ಲಿಯ ಮೂಲೆಯಲ್ಲಿ, ನಡಿಗೆಯ ವೇಗದಲ್ಲಿ. ಕಾರು ವೇಗವಾಗಿ ಹೋಗುವ, ಮಗುಚುವ, ರಸ್ತೆ ಬಿಡುವ ದೊಡ್ಡ ತಿರುವುಗಳಲ್ಲಿ ಅದು ಹೇಳುವುದು ಬಹಳ ಕಡಿಮೆ.

ಟಯರು ಓರೆಯಾಗಿ ಉರುಳುತ್ತದೆ

ವೃತ್ತದಲ್ಲಿ ಚಲಿಸುವ ಕಾರಿಗೆ ಕೇಂದ್ರದ ಕಡೆಗೆ ಬಲ ಬೇಕು ಎಂದು ಪ್ರೌಢಶಾಲೆಯಲ್ಲೇ ಕಲಿಸುತ್ತೇವೆ. 'ಆ ಬಲವನ್ನು ಘರ್ಷಣೆ ಒದಗಿಸುತ್ತದೆ' ಎಂದು ಒಂದು ವಾಕ್ಯ ಸೇರಿಸಿ ಮುಂದೆ ಹೋಗುತ್ತೇವೆ. ಘರ್ಷಣೆ ಹೇಗೆ ಒದಗಿಸುತ್ತದೆ ಎಂಬುದು ಆ ವಾಕ್ಯದೊಳಗೆ ಮುಚ್ಚಿಹೋಗುತ್ತದೆ.

ಟಯರಿನ ಹೊರಮೈಯನ್ನು ರಬ್ಬರಿನ ಸಣ್ಣ ಸಣ್ಣ ಎಳೆಗಳ ಬ್ರಷ್ಷೆಂದು ಕಲ್ಪಿಸಿಕೊಳ್ಳಿ. ಗಾಲಿ ಉರುಳಿದಂತೆ ಒಂದೊಂದು ಎಳೆ ಮುಂದಿನಿಂದ ಬಂದು ನೆಲಕ್ಕೆ ತಾಗಿ ಅಲ್ಲೇ ಅಂಟಿಕೊಳ್ಳುತ್ತದೆ, ನೆಲಕ್ಕೆ ತಾಗಿದ ಭಾಗವನ್ನು ದಾಟಿದ ಮೇಲೆ ಹಿಂದಿನಿಂದ ಬಿಡಿಸಿಕೊಳ್ಳುತ್ತದೆ. ಗಾಲಿ ಮುಖ ಮಾಡಿದ ದಿಕ್ಕಿನಲ್ಲೇ ಚಲಿಸಿದರೆ ಎಳೆಗಳು ನೇರವಾಗಿರುತ್ತವೆ, ಪಕ್ಕದ ಬಲ ಶೂನ್ಯ. ಗಾಲಿ ತನ್ನ ಮುಖದ ದಿಕ್ಕಿಗೆ ಒಂದು ಸಣ್ಣ ಕೋನದಲ್ಲಿ ಓರೆಯಾಗಿ ಚಲಿಸಿದರೆ? ಅಂಟಿಕೊಂಡ ಎಳೆಯ ಬುಡ ನೆಲದಲ್ಲಿದೆ, ಇನ್ನೊಂದು ತುದಿಯನ್ನು ಹಿಡಿದ ಗಾಲಿ ಪಕ್ಕಕ್ಕೆ ಸರಿಯುತ್ತಿದೆ. ಎಳೆ ಬಾಗುತ್ತದೆ, ಹಿಂದೆ ಹೋದಷ್ಟೂ ಹೆಚ್ಚು ಬಾಗುತ್ತದೆ. ಬಾಗಿದ ಎಲ್ಲ ಎಳೆಗಳ ಸ್ಥಿತಿಸ್ಥಾಪಕ ಬಲಗಳ ಮೊತ್ತವೇ ಕಾರನ್ನು ಕೇಂದ್ರದ ಕಡೆ ತಳ್ಳುವ ಬಲ. ಅಂದರೆ ಓರೆಯಾಗಿ ಉರುಳದೆ ಟಯರಿಗೆ ಪಕ್ಕದ ಬಲ ಕೊಡಲು ಸಾಧ್ಯವೇ ಇಲ್ಲ.

ಈ ಕೋನವನ್ನು ಎಂಜಿನಿಯರುಗಳು ಸ್ಲಿಪ್ ಆಂಗಲ್ ಎನ್ನುತ್ತಾರೆ. ಇದನ್ನು 'ಜಾರು ಕೋನ' ಎಂದು ಅನುವಾದಿಸಿದರೆ ಟಯರು ಜಾರುತ್ತಿದೆ ಎಂಬ ತಪ್ಪು ಭಾವನೆ ಬರುತ್ತದೆ. ಸಣ್ಣ ಕೋನಗಳಲ್ಲಿ ಎಳೆಗಳು ನೆಲಕ್ಕೆ ಅಂಟಿಯೇ ಇರುತ್ತವೆ, ಜಾರುವುದಿಲ್ಲ. ಆದ್ದರಿಂದ ಇಲ್ಲಿ ಓರೆ ಕೋನ ಎಂದು ಕರೆಯುತ್ತೇನೆ. ಕೆಲವು ಡಿಗ್ರಿಗಳವರೆಗೆ ಬಲ ಓರೆ ಕೋನಕ್ಕೆ ಅನುಪಾತದಲ್ಲಿರುತ್ತದೆ. ಒಂದು ಡಿಗ್ರಿಗೆ ಎಷ್ಟು ನ್ಯೂಟನ್ ಎಂಬುದು ಟಯರಿನ ಗಡಸುತನ.

ಈಗ ಕಾರಿನ ಮುಂದಿನ ಮತ್ತು ಹಿಂದಿನ ಟಯರುಗಳು ಬೇರೆ ಬೇರೆ ಕೋನಗಳಲ್ಲಿ ಓರೆಯಾಗಿ ಉರುಳುತ್ತಿವೆ ಎನ್ನೋಣ. ಆಗ ರೇಖಾಗಣಿತದಿಂದ ಬರುವ ಸಂಬಂಧ ಇದು:

ಮುಂಗಾಲಿಯ ತಿರುವು ಕೋನ = 57.3 × (ಅಚ್ಚುಗಳ ಅಂತರ ÷ ತ್ರಿಜ್ಯ) + ಮುಂದಿನ ಓರೆ ಕೋನ − ಹಿಂದಿನ ಓರೆ ಕೋನ

ಮೊದಲ ಪದ ಆಕರ್‌ಮನ್ ಕಾಲದ್ದು. ನಮ್ಮ ಕಾರಿಗೆ 30 ಮೀ. ತ್ರಿಜ್ಯದಲ್ಲಿ 4.85 ಡಿಗ್ರಿ. ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ವೇಗದೊಡನೆ ಬದಲಾಗುವುದು ಕೊನೆಯ ಎರಡು ಪದಗಳ ವ್ಯತ್ಯಾಸ. ಮುಂದಿನ ಓರೆ ಕೋನ ಹೆಚ್ಚಿದ್ದರೆ, ವೇಗ ಏರಿದಂತೆ ಅದೇ ವೃತ್ತದಲ್ಲಿ ಉಳಿಯಲು ಚುಕ್ಕಾಣಿಯನ್ನು ಇನ್ನಷ್ಟು ತಿರುಗಿಸಬೇಕು. ಇದು ಅಂಡರ್‌ಸ್ಟೀರ್. ಹಿಂದಿನದು ಹೆಚ್ಚಿದ್ದರೆ ಕಾರು ತಾನಾಗಿ ಒಳಕ್ಕೆ ಸುತ್ತಿಕೊಳ್ಳತೊಡಗುತ್ತದೆ, ಚುಕ್ಕಾಣಿಯನ್ನು ಬಿಚ್ಚುತ್ತ ಹೋಗಬೇಕು. ಇದು ಓವರ್‌ಸ್ಟೀರ್. ಎರಡೂ ಸಮನಾಗಿದ್ದರೆ ತಟಸ್ಥ.

ವೃತ್ತದ ಪರೀಕ್ಷೆ

ಸೂತ್ರವೇ ಪರೀಕ್ಷೆಯ ದಾರಿಯನ್ನೂ ತೋರಿಸುತ್ತದೆ. ಬಯಲಿನಲ್ಲಿ 30 ಮೀ. ಹಗ್ಗದಿಂದ ವೃತ್ತವೊಂದನ್ನು ಬರೆಯಿರಿ. (ಇಂದಿನ ಅಂತರರಾಷ್ಟ್ರೀಯ ಮಾನಕ 4138 ಒಪ್ಪುವ ಕನಿಷ್ಠ ತ್ರಿಜ್ಯವೂ ಇದೇ, ಅದು ಬಯಸುವುದು 100 ಮೀ.) ಚುಕ್ಕಾಣಿಗೆ ದೊಡ್ಡ ಕೋನಮಾಪಕವನ್ನು ಕಟ್ಟಿ, ಗೆರೆಯ ಮೇಲೆ ಸ್ಥಿರ ವೇಗದಲ್ಲಿ ಸುತ್ತಿ, ಒಂದು ಸುತ್ತಿನ ಕಾಲ ಮತ್ತು ಚುಕ್ಕಾಣಿಯ ಕೋನವನ್ನು ಬರೆದುಕೊಳ್ಳಬೇಕು. ವೇಗಮಾಪಕ ಬೇಡವೇ ಬೇಡ. ವೇಗೋತ್ಕರ್ಷ = 39.5 × ತ್ರಿಜ್ಯ ÷ (ಕಾಲದ ವರ್ಗ). ಒಂದು ಸುತ್ತಿಗೆ 37.7 ಸೆಕೆಂಡು ಹಿಡಿದರೆ ವೇಗ ಗಂಟೆಗೆ 18 ಕಿ.ಮೀ., ವೇಗೋತ್ಕರ್ಷ ಗುರುತ್ವದ 0.085 ಭಾಗ. 25.1 ಸೆಕೆಂಡಾದರೆ 27 ಕಿ.ಮೀ., ಗುರುತ್ವದ 0.19 ಭಾಗ. ಮರದ ಕಡ್ಡಿಗಳ ಗಾಲಿಯಿರುವ, ನೂರು ದಾಟಿದ ಕಾರನ್ನು ಇದಕ್ಕಿಂತ ಹೆಚ್ಚು ಕಾಡಿಸುವುದು ನ್ಯಾಯವಲ್ಲ.

ಮಾಡೆಲ್ ಟಿ ಈ ಪರೀಕ್ಷೆಗೆ ಒಂದು ರೀತಿಯಲ್ಲಿ ಹೇಳಿಮಾಡಿಸಿದಂತಿದೆ. ಅದರ ಎಂಜಿನ್ನಿಗೆ ಇಂಧನ ಬಿಡುವುದು ಕಾಲಿನಿಂದಲ್ಲ, ಚುಕ್ಕಾಣಿಯ ಕೆಳಗಿರುವ ಕೈಸನ್ನೆಯಿಂದ. ಅದನ್ನು ಒಂದು ಕಡೆ ಇಟ್ಟುಬಿಟ್ಟರೆ ವೇಗ ಬಹುಮಟ್ಟಿಗೆ ಸ್ಥಿರ. ಇನ್ನೊಂದು ರೀತಿಯಲ್ಲಿ ಅದು ಪರೀಕ್ಷಕನನ್ನು ಗೋಳು ಹೊಯ್ದುಕೊಳ್ಳುತ್ತದೆ. ಚುಕ್ಕಾಣಿಯ ಗುಂಬದ ಕೆಳಗೇ ಗ್ರಹ ಗಿಯರುಗಳಿದ್ದು, ಚುಕ್ಕಾಣಿ ನಾಲ್ಕು ಸುತ್ತು ಸುತ್ತಿದರೆ ಕೆಳಗಿನ ದಂಡ ಒಂದು ಸುತ್ತು ತಿರುಗುತ್ತದೆ (ಕೊನೆಯ ವರ್ಷಗಳಲ್ಲಿ ಐದಕ್ಕೆ ಒಂದು). ಇಂದಿನ ಕಾರುಗಳಲ್ಲಿ ಚುಕ್ಕಾಣಿಗೂ ಗಾಲಿಗೂ ಈ ಅನುಪಾತ ಹದಿನೈದರ ಆಸುಪಾಸು. ಹೀಗಾಗಿ ಮಾಡೆಲ್ ಟಿಯಲ್ಲಿ ಗಾಲಿಯ ಅರ್ಧ ಡಿಗ್ರಿ ವ್ಯತ್ಯಾಸ ಚುಕ್ಕಾಣಿಯಲ್ಲಿ ಎರಡು-ಮೂರು ಡಿಗ್ರಿಯಾಗಿ ಮಾತ್ರ ಕಾಣುತ್ತದೆ. ಸವೆದ ಕೀಲುಗಳಲ್ಲಿನ ಸಡಿಲು ಇದಕ್ಕಿಂತ ಹೆಚ್ಚಿರಬಹುದು! ನಾವು ಹುಡುಕುವ ಪರಿಣಾಮ ದೋಷದೊಳಗೇ ಮುಳುಗಿಹೋಗುತ್ತದೆ.

ಪ್ರಯೋಗಶಾಲೆಯಲ್ಲಿ ತಿರುಪು ಮಾಪಕವನ್ನು ಬಳಸಿದ ವಿದ್ಯಾರ್ಥಿಗಳಿಗೆ ಪರಿಹಾರ ಹೊಳೆಯಬೇಕು. ಓದುವ ಮೊದಲು ಚುಕ್ಕಾಣಿಯನ್ನು ಪ್ರತಿ ಸಲ ಒಂದೇ ದಿಕ್ಕಿನಿಂದ ತರಬೇಕು, ಪ್ರದಕ್ಷಿಣೆ ಮತ್ತು ಅಪ್ರದಕ್ಷಿಣೆ ಎರಡೂ ಕಡೆ ಸುತ್ತಿ ಸರಾಸರಿ ತೆಗೆಯಬೇಕು. ನೆಲದ ಇಳಿಜಾರಿನ ಪರಿಣಾಮ ಸುತ್ತಿನಲ್ಲಿ ಹಿಂದುಮುಂದಾಗುವುದರಿಂದ ನಾಲ್ಕು ನಿಶ್ಚಿತ ಜಾಗಗಳಲ್ಲಿ ಓದಬೇಕು. ಇನ್ನೂ ಒಳ್ಳೆಯದು, ಚುಕ್ಕಾಣಿಯನ್ನು ನಂಬದೆ ಮುಂದಿನ ಗಾಲಿಯ ತೋಳಿಗೇ ಸೂಚಕ ಕಟ್ಟುವುದು.

ಸಡಿಲು ತಟ್ಟದ ಸಾಕ್ಷಿಯೊಂದು ನೆಲದ ಮೇಲೇ ಇದೆ. ಟಯರುಗಳನ್ನು ಒದ್ದೆ ಮಾಡಿ ಗುರುತು ನೋಡಿ. ನಡಿಗೆಯ ವೇಗದಲ್ಲಿ ಹಿಂಗಾಲಿಯ ಗುರುತು ಮುಂಗಾಲಿಯದಕ್ಕಿಂತ ಸುಮಾರು 11 ಸೆಂ.ಮೀ. ಒಳಗೆ ಬೀಳುತ್ತದೆ. ವೇಗ ಹೆಚ್ಚಿದಂತೆ ಹಿಂದಿನ ಟಯರುಗಳು ಓರೆಯಾಗಿ, ಆ ಗುರುತು ಹೊರಕ್ಕೆ ಸರಿಯುತ್ತ ಬರುತ್ತದೆ. ಹಿಂದಿನ ಓರೆ ಕೋನ 2.4 ಡಿಗ್ರಿ ಆದಾಗ ಎರಡು ಗುರುತುಗಳು ಒಂದರ ಮೇಲೊಂದು ಬೀಳಬೇಕು.

ಸ್ಟೆಪ್ನಿ ಮಾಡಿದ ಬದಲಾವಣೆ

ಫಲಿತಾಂಶ ಹೇಗಿರಬಹುದು? ಕಾಗದದ ಮೇಲೆ ಅಂದಾಜು ಮಾಡೋಣ. ಮುಂದಿನ ಸಂಖ್ಯೆಗಳಲ್ಲಿ ಭಾರ ಮತ್ತು ಗಡಸುತನ ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು, ಅಳೆದವಲ್ಲ. ಇಬ್ಬರು ಕುಳಿತ ಕಾರಿನಲ್ಲಿ ಮುಂದಿನ ಅಚ್ಚಿನ ಮೇಲೆ 3000, ಹಿಂದಿನದರ ಮೇಲೆ 4200 ನ್ಯೂಟನ್ ಭಾರ ಎನ್ನೋಣ. ಮೊದಲ ದಶಕದ ಮಾಡೆಲ್ ಟಿಗಳಲ್ಲಿ ಮುಂದಿನ ಟಯರಿನ ಅಗಲ 3 ಅಂಗುಲ, ಹಿಂದಿನದು ಮೂರೂವರೆ. ಇದು ನಿಜ ಸಂಗತಿ. ಜೋಡಿ ಟಯರುಗಳ ಗಡಸುತನ ಮುಂದೆ ಡಿಗ್ರಿಗೆ 500, ಹಿಂದೆ 650 ನ್ಯೂಟನ್ ಎಂದಿಟ್ಟುಕೊಂಡರೆ, ಪಾರ್ಶ್ವ ವೇಗೋತ್ಕರ್ಷ ಗುರುತ್ವದಷ್ಟಿದ್ದಾಗ ಓರೆ ಕೋನಗಳು 3000 ÷ 500 = 6.0 ಮತ್ತು 4200 ÷ 650 = 6.5 ಡಿಗ್ರಿ. ವೃತ್ತದಲ್ಲಿ 27 ಕಿ.ಮೀ. ವೇಗದಲ್ಲಿ ಇದರ 0.19 ಭಾಗ, ಅಂದರೆ 1.14 ಮತ್ತು 1.23 ಡಿಗ್ರಿ. ಇಷ್ಟು ಮೆಲ್ಲಗೆ ಹೋಗುವಾಗಲೂ ಓರೆ ಕೋನ ಆಕರ್‌ಮನ್ ತಿದ್ದುಪಡಿಯ ಐದು ಪಟ್ಟು ಎಂಬುದನ್ನು ಗಮನಿಸಿ. ಆದರೆ ಮುಂದೆ, ಹಿಂದೆ ಅವು ಬಹುತೇಕ ಸಮ. ಕಾರು ಹೆಚ್ಚುಕಡಿಮೆ ತಟಸ್ಥ.

ಹಿಂದೆ ದಪ್ಪ ಟಯರು ಹಾಕಿದ್ದು ಭಾರ ಹೊರಲು. ತಿರುವಿನ ಸಮತೋಲ ಅದರಿಂದ ಪುಕ್ಕಟೆಯಾಗಿ ಸಿಕ್ಕಿತು. 1919ರಲ್ಲಿ ಕಳಚಿ ಹಾಕಬಹುದಾದ ರಿಮ್ಮುಗಳು ಬಂದಾಗ ನಾಲ್ಕೂ ಕಡೆ ಮೂರೂವರೆ ಅಂಗುಲದ ಟಯರು ಕೊಟ್ಟರು. ಹೀಗೆ ಮಾಡಿದರೆ ಒಂದೇ ಸ್ಟೆಪ್ನಿ ಎಲ್ಲದಕ್ಕೂ ಸಾಕಲ್ಲವೆ? ಲೆಕ್ಕ ಮಾತ್ರ ಬದಲಾಯಿತು. ಮುಂದೆ 3000 ÷ 650 = 4.6, ಹಿಂದೆ 6.5. ಸುಮಾರು 1.8 ಡಿಗ್ರಿಯ ಓವರ್‌ಸ್ಟೀರ್. ಹಿಂದಿನ ಸೀಟಿನಲ್ಲಿ ಇಬ್ಬರು ಕುಳಿತು ಭಾರ ಮುಂದೆ 3200, ಹಿಂದೆ 5300 ಆದರೆ ವ್ಯತ್ಯಾಸ 3.2 ಡಿಗ್ರಿ. (ಭಾರ ಹೆಚ್ಚಿದಾಗ ಗಡಸುತನವೂ ಸ್ವಲ್ಪ ಹೆಚ್ಚುತ್ತದೆ, ಅದನ್ನು ಬಿಟ್ಟಿದ್ದೇನೆ.)

ಓವರ್‌ಸ್ಟೀರ್ ಇರುವ ಕಾರಿಗೆ ಒಂದು ಕ್ರಾಂತಿ ವೇಗ ಇರುತ್ತದೆ. ಸೂತ್ರದಲ್ಲಿ ತಿರುವು ಕೋನ ಶೂನ್ಯವಾಗುವ ವೇಗ ಅದು. ಆ ವೇಗದಲ್ಲಿ ಚುಕ್ಕಾಣಿ ನೇರವಾಗಿದ್ದರೂ ಕಾರು ವೃತ್ತದಲ್ಲಿ ಸುತ್ತಬಲ್ಲದು. ಅದನ್ನು ಮೀರಿದರೆ ನೇರ ರಸ್ತೆಯಲ್ಲೇ ಒಂದು ಗಾಳಿಯ ಬೀಸು ಸಾಕು, ತಿರುಗಲು ಶುರುವಾದದ್ದು ತಾನಾಗಿ ನಿಲ್ಲದು. ಅದರ ವರ್ಗ = 57.3 × 9.8 × ಅಚ್ಚುಗಳ ಅಂತರ ÷ ವ್ಯತ್ಯಾಸದ ಡಿಗ್ರಿ. ನಮ್ಮ ಅಂಕಿಗಳಿಗೆ 1426 ÷ 3.2, ವೇಗ ಸೆಕೆಂಡಿಗೆ 21 ಮೀ., ಗಂಟೆಗೆ ಸುಮಾರು 76 ಕಿ.ಮೀ. ಮಾಡೆಲ್ ಟಿಯ ಗರಿಷ್ಠ ವೇಗ 65ರಿಂದ 70. ಅಪಾಯ ಕೈಗೆಟುಕುವ ದೂರದಲ್ಲೇ ಇತ್ತು, ಎಂಜಿನ್ನಿಗೆ ಶಕ್ತಿ ಸಾಲದೆ ಜನ ಉಳಿದರು. ಹಿಂದಿನ ಟಯರುಗಳಲ್ಲಿ ಗಾಳಿ ಇಳಿದು ಗಡಸುತನ 650ರಿಂದ 550ಕ್ಕೆ ಬಂದರೆ ಕ್ರಾಂತಿ ವೇಗ 63 ಕಿ.ಮೀ.ಗೆ ಇಳಿಯುತ್ತದೆ. ತುಂಬಿದ ಕಾರು, ಇಳಿಜಾರು, ಮೆತ್ತಗಾದ ಹಿಂದಿನ ಟಯರು: ಈ ಮೂರೂ ಸೇರಿ ಕಾರು ಸುತ್ತಿ ಬಿದ್ದರೆ ಅಂದಿನವರು ಕೀಲುಗಳಲ್ಲೋ ಚಾಲಕನಲ್ಲೋ ತಪ್ಪು ಹುಡುಕಬೇಕಿತ್ತು. ಸುಣ್ಣದ ಗೆರೆಯ ಪರೀಕ್ಷೆಯಲ್ಲಿ ಆ ಕಾರು ನಿರ್ದೋಷಿ.

ಎಂಜಿನಿಯರುಗಳ ಕಣ್ಣು ತೆರೆಸಿದ್ದು ಟಯರೇ. 1923ರಲ್ಲಿ ಫೈರ್‌ಸ್ಟೋನ್ ಕಂಪನಿ ಕಡಿಮೆ ಒತ್ತಡದ ದಪ್ಪ 'ಬಲೂನ್' ಟಯರುಗಳನ್ನು ತಂದಿತು. ಸವಾರಿ ಹಾಯಾಯಿತು, ಆದರೆ ಮುಂಗಾಲಿಗಳು ಹುಚ್ಚು ಹಿಡಿದಂತೆ ಎಡಬಲಕ್ಕೆ ಅದುರತೊಡಗಿದವು. ಈ ಅದುರಾಟದ ಕಾರಣ ಹುಡುಕುತ್ತ ಫ್ರಾನ್ಸಿನ ಬ್ರುಲಿಯೆ 1925ರಲ್ಲಿ ಟಯರು ಓರೆಯಾಗಿ ಉರುಳುತ್ತದೆ ಎಂಬ ಕಲ್ಪನೆಯನ್ನು ಮುಂದಿಟ್ಟ. ರೋಲ್ಸ್‌ರಾಯ್ಸ್‌ನಿಂದ ಅಮೆರಿಕದ ಕ್ಯಾಡಿಲಾಕ್‌ಗೆ ಹೋದ ಮಾರಿಸ್ ಓಲಿ 1930ರ ದಶಕದಲ್ಲಿ ಅಂಡರ್‌ಸ್ಟೀರ್, ಓವರ್‌ಸ್ಟೀರ್ ಪದಗಳನ್ನು ಬಳಕೆಗೆ ತಂದ. ಪೂರ್ಣ ಗಣಿತ ಬಂದದ್ದು 1956ರಲ್ಲಿ, ಅದೂ ಕಾರಿನವರಿಂದಲ್ಲ. ಅಮೆರಿಕದ ಕಾರ್ನೆಲ್ ವಿಮಾನ ಪ್ರಯೋಗಾಲಯದ ಮಿಲಿಕನ್, ವಿಟ್‌ಕಂಬ್ ಮತ್ತು ಸೀಗಲ್ ವಿಮಾನದ ಸ್ಥಿರತೆಯ ಸಮೀಕರಣಗಳನ್ನು ಕಾರಿಗೆ ಅಳವಡಿಸಿ ಲಂಡನ್ನಿನಲ್ಲಿ ಮಂಡಿಸಿದರು. ರೆಕ್ಕೆಗೆ ಗಾಳಿ ತಾಗುವ ಕೋನ, ಟಯರಿನ ಓರೆ ಕೋನ ಎರಡೂ ಗಣಿತದಲ್ಲಿ ಅಣ್ಣತಮ್ಮಂದಿರು. ವಿಮಾನದವರಿಗೆ ಇದು ಬೇಗ ಹೊಳೆದದ್ದು ಸಹಜ.

ತರಗತಿಯಲ್ಲಿ ತೋರಿಸಲು ಕಾರು ಬೇಕಿಲ್ಲ. ಮೆತ್ತನೆಯ ಸ್ಪಂಜಿನ ಗಾಲಿಗಳಿರುವ ಆಟದ ಗಾಡಿಯೊಂದು, ಉದ್ದನೆಯ ಅಗಲವಾದ ಹಲಗೆಯೊಂದು ಸಾಕು. ಸಮತಲದಲ್ಲಿ ಗಾಡಿ ನೇರ ಹೋಗುವಂತೆ ಮೊದಲು ಗಾಲಿಗಳನ್ನು ಸರಿಪಡಿಸಿ. ಬಳಿಕ ಹಲಗೆಯ ಒಂದು ಪಕ್ಕವನ್ನು ಎತ್ತಿ, ಗಾಡಿಯನ್ನು ಇಳಿಜಾರಿಗೆ ಅಡ್ಡವಾಗಿ ಮೆಲ್ಲಗೆ ತಳ್ಳಿ. ಗಾಲಿಗಳು ನೇರ ಮುಖ ಮಾಡಿದ್ದರೂ ಗಾಡಿ ತುಸು ಕೆಳಕ್ಕೆ ಓರೆಯಾಗಿ ಸಾಗುತ್ತದೆ. ಒಂದು ಮೀಟರಿಗೆ 17 ಮಿ.ಮೀ. ಇಳಿದರೆ ಓರೆ ಕೋನ ಒಂದು ಡಿಗ್ರಿ. ಈಗ ಮುಂದೆ ಗಟ್ಟಿ ಗಾಲಿ, ಹಿಂದೆ ಮೆತ್ತನೆಯದು ಹಾಕಿ, ಹಿಂಭಾಗಕ್ಕೆ ತೂಕವಿಟ್ಟು ತಳ್ಳಿ. ಹಿಂಭಾಗ ಹೆಚ್ಚು ಕೆಳಕ್ಕೆ ಸರಿದು, ಗಾಡಿ ತನ್ನ ಮೂತಿಯನ್ನು ಏರಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಗಾಲಿಗಳನ್ನೂ ತೂಕವನ್ನೂ ಹಿಂದುಮುಂದು ಮಾಡಿದರೆ ಇಳಿಜಾರಿನ ಕಡೆಗೆ.